ಕೃತ್ತಿಕೆ ಗುಂಪಲ್ಲಿ, ಸೂರ್ಯ ಒಂಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಓರಿಯನ್ ನೀಹಾರಿಕೆಯ ಬಗ್ಗೆ ಬರೆದಿದ್ದೆ. ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ಅನಿಲದ ಮೋಡದಲ್ಲಿ, ಕೆಲವೇ ಜ್ಯೋತಿರ್ವರ್ಷದಷ್ಟು ಜಾಗದೊಳಗೆ, ಎರಡು ಸಾವಿರಕ್ಕೂ ಜಾಸ್ತಿ ಎಳೆಯ ನಕ್ಷತ್ರಗಳಿವೆ ಅನ್ನುವ ಒಂದು ಸಾಲು ಅದರಲ್ಲಿತ್ತು. ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಹೆಚ್ಚಿನವು ಉಡುಪಿ, ಮಂಗಳೂರು ಕಡೆಯಿಂದ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ, ಪೂರ್ತಿ ಅಂಕಣ ಇದಕ್ಕೇ ಇರಲಿ.

ಏಪ್ರಿಲ್ ಸಂಜೆ ಬೀಚಿನಲ್ಲಿ ಕೂತರೆ ಕೃತ್ತಿಕೆ ಸಮುದ್ರದ ಮೇಲೆ ಇಳಿಯುವುದು ಕಾಣುತ್ತದೆ. ಆರೇಳು ನಕ್ಷತ್ರ ಒಟ್ಟಿಗೆ. ಅವು ನಿಜವಾಗಿ ಹತ್ತಿರ ಇವೆಯಾ, ಇಲ್ಲ ನಮ್ಮ ಕಣ್ಣಿಗೆ ಮಾತ್ರ ಹಾಗೆ ಕಾಣುವುದಾ?
ಓದುಗರು, ಕಾಪು

ನಿಜವಾಗಿಯೂ ಹತ್ತಿರ ಇವೆ. ನಿಮ್ಮ ಅನುಮಾನ ಹಳೆಯದು, ಮತ್ತು ಒಳ್ಳೆಯದು. 1767ರಲ್ಲಿ ಇಂಗ್ಲೆಂಡಿನ ಜಾನ್ ಮಿಚೆಲ್ ಅನ್ನುವ ಪಾದ್ರಿಯೊಬ್ಬರು ಇದನ್ನೇ ಲೆಕ್ಕ ಹಾಕಿ ನೋಡಿದರು. ಆಕಾಶದಲ್ಲಿ ನಕ್ಷತ್ರಗಳು ಗೊತ್ತುಗುರಿ ಇಲ್ಲದೆ ಹರಡಿದ್ದರೆ, ಕೃತ್ತಿಕೆಯ ಆರು ಹೊಳೆಯುವ ನಕ್ಷತ್ರಗಳು ಅಷ್ಟು ಸಣ್ಣ ಜಾಗದಲ್ಲಿ ಸುಮ್ನೆ ಬಂದು ಸೇರುವ ಸಾಧ್ಯತೆ ಎಷ್ಟು? ಹೆಚ್ಚುಕಡಿಮೆ ಐದು ಲಕ್ಷದಲ್ಲಿ ಒಂದು ಅಂತ ಅವರ ಲೆಕ್ಕ ಬಂತು. ಹಾಗಾದರೆ ಅವು ಒಟ್ಟಿಗೇ ಇರಬೇಕು ಅಂದರು. ಯಾವ ನಕ್ಷತ್ರದ ದೂರವೂ ಯಾರಿಗೂ ಗೊತ್ತಿಲ್ಲದ ಕಾಲ ಅದು, ಮೊದಲ ಅಳತೆ ಬಂದದ್ದೇ 1838ರಲ್ಲಿ. ಬರೀ ಕಾಗದದ ಮೇಲಿನ ಲೆಕ್ಕದಿಂದ ಅಷ್ಟು ದೂರ ಹೋದರಲ್ಲ, ಅದು ನನಗೆ ಇವತ್ತಿಗೂ ಆಶ್ಚರ್ಯ.

ಈಗ ಅಳತೆಯೇ ಇದೆ. ಕೃತ್ತಿಕೆ ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ಕಣ್ಣಿಗೆ ಆರೇಳು ಕಂಡರೂ ಆ ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ಎಲ್ಲವೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗುತ್ತಿವೆ. ವಯಸ್ಸು ಹತ್ತರಿಂದ ಹನ್ನೆರಡು ಕೋಟಿ ವರ್ಷ. ನಕ್ಷತ್ರಗಳ ಮಟ್ಟಿಗೆ ಇದು ತೀರಾ ಎಳೆಯ ವಯಸ್ಸು, ಸೂರ್ಯನಿಗೆ 460 ಕೋಟಿ ಆಗಿದೆ.

ಆದರೆ ಕಣ್ಣು ಮೋಸ ಹೋಗುವುದೂ ಉಂಟು. ಓರಿಯನ್‌ನ ಒಂದು ಭುಜದ ಬೆಲಾಟ್ರಿಕ್ಸ್ ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದ್ದರೆ ಪಾದದ ರೈಜೆಲ್ 860ರಲ್ಲಿದೆ, ಅವಕ್ಕೂ ಇವಕ್ಕೂ ಸಂಬಂಧ ಇಲ್ಲ. ಕೃತ್ತಿಕೆಯ ಪಕ್ಕದಲ್ಲೇ ರೋಹಿಣಿ ಇದೆಯಲ್ಲ, ಅದನ್ನು ನೋಡಿ. ಅದರ ಸುತ್ತ ವಿ ಆಕಾರದಲ್ಲಿ ಕಾಣುವ ಹೈಡೀಸ್ ಅನ್ನುವ ಗುಂಪು ನಿಜವಾದ ಗುಂಪು, ಸುಮಾರು 150 ಜ್ಯೋತಿರ್ವರ್ಷ ದೂರ. ರೋಹಿಣಿ ಮಾತ್ರ ಅದರಲ್ಲಿ ಸೇರಿಲ್ಲ. ಅದು ನಮಗೂ ಅವಕ್ಕೂ ನಡುವೆ, 65 ಜ್ಯೋತಿರ್ವರ್ಷದ ಹತ್ತಿರ ಬಂದು ನಿಂತಿದೆ.

ಇನ್ನೊಂದು ಮಾತು. ಫೋಟೋಗಳಲ್ಲಿ ಕೃತ್ತಿಕೆಯ ಸುತ್ತ ನೀಲಿ ಮಂಜು ಕಾಣುತ್ತದೆ. ಅದು ಹುಟ್ಟಿದ ಮೋಡದ ಉಳಿಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹುಟ್ಟಿದ ಮೋಡ ಯಾವತ್ತೋ ಚದುರಿ ಹೋಗಿದೆ. ಈಗ ದಾರಿಯಲ್ಲಿ ಸಿಕ್ಕಿದ ಬೇರೆ ಧೂಳಿನ ಮೋಡದೊಳಗಿಂದ ಕೃತ್ತಿಕೆ ಹಾದು ಹೋಗುತ್ತಿದೆ, ಅಷ್ಟೆ.

ನಕ್ಷತ್ರಗಳು ಒಟ್ಟಿಗೇ ಯಾಕೆ ಹುಟ್ಟಬೇಕು? ಅಲ್ಲೊಂದು ಇಲ್ಲೊಂದು ಹುಟ್ಟಬಹುದಿತ್ತಲ್ವಾ? ಗುರುತ್ವ ಎಲ್ಲ ಕಡೆ ಒಂದೇ ತಾನೇ?
ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಗುರುತ್ವ ಎಲ್ಲ ಕಡೆ ಒಂದೇ, ಆದರೆ ಅನಿಲ ಎಲ್ಲ ಕಡೆ ಒಂದೇ ಥರ ಇಲ್ಲ. ಉತ್ತರ ಇಲ್ಲಿಂದ ಶುರುವಾಗುತ್ತದೆ.

ನಕ್ಷತ್ರ ಆಗಬೇಕಾದರೆ ಅನಿಲ ತಣ್ಣಗಿರಬೇಕು, ದಟ್ಟವಾಗಿರಬೇಕು. ಬಿಸಿ ಇದ್ದರೆ ಅದರ ಒತ್ತಡವೇ ಗುರುತ್ವವನ್ನು ತಡೆದು ನಿಲ್ಲಿಸುತ್ತದೆ. ಎಷ್ಟು ತಂಪಿಗೆ, ಎಷ್ಟು ದಟ್ಟತೆಗೆ, ಎಷ್ಟು ರಾಶಿ ಸೇರಿದರೆ ಅದು ತನ್ನ ಭಾರಕ್ಕೇ ಕುಸಿಯುತ್ತದೆ ಅನ್ನುವ ಲೆಕ್ಕವನ್ನು ಜೇಮ್ಸ್ ಜೀನ್ಸ್ 1902ರಲ್ಲೇ ಕೊಟ್ಟಿದ್ದರು. ನಮ್ಮ ಹಾಲುಹಾದಿಯಲ್ಲಿ ಅಂಥ ಪರಿಸ್ಥಿತಿ ಇರುವುದು ಹೈಡ್ರೋಜನ್ ಅಣುಗಳ ದೊಡ್ಡ ಮೋಡಗಳಲ್ಲಿ ಮಾತ್ರ. ಅಲ್ಲಿ ತಾಪಮಾನ ಸೊನ್ನೆಗಿಂತ 260 ಡಿಗ್ರಿ ಸೆಲ್ಸಿಯಸ್ ಕೆಳಗೆ. ದೊಡ್ಡ ಮೋಡ ಒಂದರಲ್ಲಿ ಲಕ್ಷಗಟ್ಟಲೆ ಸೂರ್ಯರಿಗೆ ಸಾಕಾಗುವಷ್ಟು ಅನಿಲ ಇರುತ್ತದೆ.

ಇಷ್ಟು ಹೇಳಿದರೆ ಅರ್ಧ ಉತ್ತರ ಮಾತ್ರ. ಮೋಡದೊಳಗೆ ಸಮವಾಗಿ ಹರಡಿ ಹುಟ್ಟಬಹುದಿತ್ತಲ್ಲ ಅಂತ ನೀವು ಮತ್ತೆ ಕೇಳಬಹುದು. ಮೋಡದ ಒಳಗಿನ ಅನಿಲ ಸುಮ್ಮನೆ ನಿಂತಿರುವುದಿಲ್ಲ. ಶಬ್ದದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಅಡ್ಡಾದಿಡ್ಡಿ ನುಗ್ಗುತ್ತಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತದೆ. ಡಿಕ್ಕಿಯಾದ ಕಡೆ ಅನಿಲ ಒತ್ತಿ ಹಾಳೆಯಾಗುತ್ತದೆ, ಎಳೆಯಾಗುತ್ತದೆ. 2009ರಲ್ಲಿ ಹಾರಿಸಿದ ಯುರೋಪಿನ ಹರ್ಷಲ್ ಟೆಲಿಸ್ಕೋಪ್ ಹತ್ತಿರದ ಮೋಡಗಳನ್ನೆಲ್ಲ ನೋಡಿದಾಗ ಎಲ್ಲಿ ನೋಡಿದರೂ ಉದ್ದುದ್ದ ಎಳೆಗಳೇ ಕಂಡವು. ಅಗಲ ಹೆಚ್ಚುಕಡಿಮೆ ಒಂದು ಜ್ಯೋತಿರ್ವರ್ಷದ ಮೂರನೇ ಒಂದು ಭಾಗ. ಸಾಕಷ್ಟು ಅನಿಲ ತುಂಬಿದ ಎಳೆ ತುಂಡು ತುಂಡಾಗಿ ಗಂಟು ಕಟ್ಟುತ್ತದೆ, ಒಂದೊಂದು ಗಂಟಿನಲ್ಲಿ ಒಂದು, ಎರಡು, ಕೆಲವೊಮ್ಮೆ ಮೂರು ನಾಲ್ಕು ನಕ್ಷತ್ರ ಹುಟ್ಟುತ್ತವೆ. ಹಲವು ಎಳೆಗಳು ಬಂದು ಸೇರುವ ಜಾಗದಲ್ಲಿ ಎಲ್ಲ ಕಡೆಯಿಂದ ಅನಿಲ ಹರಿದು ಬರುತ್ತದಾದ್ದರಿಂದ ಅಲ್ಲಿ ನೂರಾರು, ಸಾವಿರಾರು ನಕ್ಷತ್ರ ಹುಟ್ಟಬಹುದು, ಓರಿಯನ್ ನೀಹಾರಿಕೆಯ ಗುಂಪು ಆ ಥರದ್ದು.

ಅಂದರೆ ನಕ್ಷತ್ರಗಳು ಹುಟ್ಟಿದ ಮೇಲೆ ಒಂದನ್ನೊಂದು ಹುಡುಕಿಕೊಂಡು ಬಂದು ಗುಂಪು ಕಟ್ಟುವುದಲ್ಲ. ಮೋಡದಲ್ಲಿ ಇದ್ದ ಗುಂಪೇ ನಕ್ಷತ್ರಗಳಲ್ಲಿ ಉಳಿಯುತ್ತದೆ. ಗುಂಪಿನೊಳಗೆ ಸಣ್ಣ ಗುಂಪು, ಅದರೊಳಗೆ ಇನ್ನೂ ಸಣ್ಣದು. ತೀರಾ ಎಳೆಯ ಪ್ರದೇಶಗಳಲ್ಲಿ ಈ ಒಳಗಿಂದೊಳಗಿನ ರಚನೆ ಸ್ಪಷ್ಟವಾಗಿ ಕಾಣುತ್ತದೆ. ವಯಸ್ಸಾದ ಹಾಗೆ ನಕ್ಷತ್ರಗಳು ಒಂದರ ದಾರಿಯನ್ನು ಒಂದು ಎಳೆದು ಕೆಡಿಸಿ ಅದನ್ನು ಅಳಿಸಿ ಹಾಕುತ್ತವೆ.

ಇದಕ್ಕೆ ತದ್ವಿರುದ್ಧದ ಉದಾಹರಣೆ ವೃಷಭ ರಾಶಿಯಲ್ಲೇ ಇದೆ. ಸುಮಾರು 450 ಜ್ಯೋತಿರ್ವರ್ಷ ದೂರದ ಆ ಮೋಡದಲ್ಲಿ ಓರಿಯನ್ ಥರದ ದೊಡ್ಡ ಗುಂಪೇ ಇಲ್ಲ. 1993ರ ಒಂದು ಅಧ್ಯಯನದಲ್ಲಿ ಅಲ್ಲಿ ಆರು ಸಡಿಲ ಗುಂಪು ಸಿಕ್ಕವು, ಒಂದೊಂದರಲ್ಲಿ ಬರೀ ಹದಿನೈದರಷ್ಟು ನಕ್ಷತ್ರ. ಅನಿಲದ ಎಳೆಗಳು ಹೇಗೆ ಮಲಗಿವೆಯೋ ಎಳೆಯ ನಕ್ಷತ್ರಗಳೂ ಹಾಗೇ ಸಾಲಾಗಿ ಮಲಗಿವೆ.

ಮೇಡಂ, ಮರಿ ನಕ್ಷತ್ರಗಳು ಧೂಳಿನ ಮೋಡದ ಒಳಗೆ ಇರುತ್ತವೆ ಅಂದರೆ ಅವು ಕಾಣುವುದೇ ಇಲ್ಲ ಅಲ್ವಾ? ಮತ್ತೆ ಎರಡು ಸಾವಿರ ಅಂತ ಎಣಿಸಿದ್ದು ಹೇಗೆ?
ಎಂಟನೇ ತರಗತಿ ವಿದ್ಯಾರ್ಥಿನಿ, ಕಾರ್ಕಳ

ಪುಟ್ಟಾ, ಈ ಸಲದ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ನಿನ್ನದು. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಆ ಧೂಳು ನಿಜವಾಗಿಯೂ ನುಂಗಿ ಹಾಕುತ್ತದೆ. ಆದರೆ ಬೆಳಕಿನಲ್ಲಿ ಬೇರೆ ಬೇರೆ ಬಗೆ ಇದೆ. ಧೂಳಿನ ಕಣ ತುಂಬಾ ಸಣ್ಣದು. ಅಲೆಯ ಉದ್ದ ಆ ಕಣಕ್ಕಿಂತ ದೊಡ್ಡದಾದರೆ ಬೆಳಕು ಹೆಚ್ಚು ಅಡ್ಡಿ ಇಲ್ಲದೆ ಹೊರಗೆ ಬರುತ್ತದೆ. ಅವಕೆಂಪು ಬೆಳಕು ಅಂಥದ್ದು. ಅಮೆರಿಕದ ಸ್ಪಿಟ್ಜರ್ ಅನ್ನುವ ಟೆಲಿಸ್ಕೋಪ್ 2003ರಿಂದ 2020ರ ತನಕ ಬಾಹ್ಯಾಕಾಶದಲ್ಲಿದ್ದು ಈ ಬೆಳಕಲ್ಲೇ ನೋಡುತ್ತಿತ್ತು. ಈಗ ಜೇಮ್ಸ್ ವೆಬ್ ನೋಡುತ್ತಿದೆ. 2023ರ ಜುಲೈಯಲ್ಲಿ ವೆಬ್‌ನ ಮೊದಲ ವರ್ಷದ ನೆನಪಿಗೆ ಬಿಡುಗಡೆ ಮಾಡಿದ ಚಿತ್ರ ಯಾವುದು ಗೊತ್ತಾ? ರೋ ಓಫಿಯುಕಿ ಅನ್ನುವ ಮೋಡ, ನಕ್ಷತ್ರ ಹುಟ್ಟುವ ಜಾಗಗಳಲ್ಲಿ ನಮಗೆ ತೀರಾ ಹತ್ತಿರದ್ದು, 390 ಜ್ಯೋತಿರ್ವರ್ಷ. ಆ ಒಂದು ಚಿತ್ರದಲ್ಲೇ ಸುಮಾರು ಐವತ್ತು ಎಳೆಯ ನಕ್ಷತ್ರಗಳಿವೆ.

ಕಂಡದ್ದೆಲ್ಲ ಎಳೆಯ ನಕ್ಷತ್ರ ಅಂತ ಹೇಳುವ ಹಾಗಿಲ್ಲ. ಮೋಡದ ಹಿಂದೆ ಮುಂದೆ ಹಳೆಯ ನಕ್ಷತ್ರಗಳೂ ಇರುತ್ತವೆ. ಅದಕ್ಕೆ ಗುರುತು ಬೇಕು. ಎಳೆಯ ನಕ್ಷತ್ರದ ಸುತ್ತ ಅನಿಲ, ಧೂಳಿನ ತಟ್ಟೆ ಇರುತ್ತದೆ, ಮುಂದೆ ಗ್ರಹಗಳಾಗುವುದು ಅದರಿಂದಲೇ. ಆ ಬಿಸಿ ಧೂಳಿನಿಂದ ಅವಕೆಂಪು ಬೆಳಕು ಹೆಚ್ಚಾಗಿ ಬರುತ್ತದೆ. ಇನ್ನೊಂದು ಗುರುತು ಎಕ್ಸ್ ಕಿರಣ. ಎಳೆಯ ನಕ್ಷತ್ರಗಳ ಕಾಂತಕ್ಷೇತ್ರ ಬಹಳ ಜೋರು, ಈಗಿನ ಸೂರ್ಯನಿಗಿಂತ ಸಾವಿರ ಪಟ್ಟು ಹೆಚ್ಚು ಎಕ್ಸ್ ಕಿರಣ ಬಿಡುತ್ತವೆ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನು ಇಟ್ಟಿರುವ ಚಂದ್ರ ಟೆಲಿಸ್ಕೋಪ್ 2003ರ ಜನವರಿಯಲ್ಲಿ ಎರಡು ವಾರದ ಹತ್ತಿರ ಓರಿಯನ್ ನೀಹಾರಿಕೆಯನ್ನೇ ದಿಟ್ಟಿಸಿ ನೋಡಿತು. 1,600ಕ್ಕೂ ಹೆಚ್ಚು ಎಕ್ಸ್ ಕಿರಣದ ಚುಕ್ಕೆ ಸಿಕ್ಕವು, ಹೆಚ್ಚಿನವು ಅಲ್ಲಿನ ಎಳೆಯ ನಕ್ಷತ್ರಗಳೇ. ಹೀಗೆ ಬೇರೆ ಬೇರೆ ಬೆಳಕಲ್ಲಿ ಮಾಡಿದ ಪಟ್ಟಿಗಳನ್ನು ಸೇರಿಸಿ ಎಣಿಸುತ್ತಾರೆ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆಯುತ್ತದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಟೆಲಿಸ್ಕೋಪನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಎಳೆಯ ನಕ್ಷತ್ರಗಳಿಂದ ಬರುವ ಹೈಡ್ರೋಜನ್ನಿನ ಕೆಂಪು ಬೆಳಕನ್ನು ಹುಡುಕಲು ಅದನ್ನೂ ಬಳಸಿದ್ದಾರೆ. ನೀನು ದೊಡ್ಡವಳಾದ ಮೇಲೆ ಆ ಕುರ್ಚಿಯಲ್ಲಿ ಕೂರಬಹುದು.

ಎಂಥ ಮಾರಾಯ್ರೇ ಇದು? ಒಂದು ಕಡೆ ನೂರಕ್ಕೆ ತೊಂಬತ್ತು ನಕ್ಷತ್ರ ಗುಂಪಿನಲ್ಲೇ ಹುಟ್ಟುವುದು ಅಂತ ಓದಿದೆ. ಇನ್ನೊಂದು ಕಡೆ ನಲವತ್ತು ಅಂತ ಉಂಟು. ಇಷ್ಟು ದೊಡ್ಡ ವ್ಯತ್ಯಾಸ ಬಂದರೆ ಯಾವುದನ್ನು ನಂಬುವುದು?
ಉಪನ್ಯಾಸಕರು, ಮಣಿಪಾಲ

ಎರಡೂ ಅಂಕಿ ನಿಜವಾದ ಸಂಶೋಧನೆಯಿಂದಲೇ ಬಂದವು, ಎರಡರಲ್ಲೂ ತಪ್ಪು ಲೆಕ್ಕ ಇಲ್ಲ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯದ ತಿರುಳು ನನ್ನ ಪ್ರಕಾರ ಇಲ್ಲೇ ಇದೆ.

ಚಾರ್ಲ್ಸ್ ಲಾಡಾ ಮತ್ತು ಎಲಿಜಬೆತ್ ಲಾಡಾ 2003ರಲ್ಲಿ ಅದುವರೆಗಿನ ಅವಕೆಂಪು ಸಮೀಕ್ಷೆಗಳನ್ನೆಲ್ಲ ಒಟ್ಟುಮಾಡಿ ಬರೆದರು. ನಕ್ಷತ್ರಗಳಲ್ಲಿ ಶೇಕಡಾ 70ರಿಂದ 90 ಮೋಡದೊಳಗೆ ಹುದುಗಿದ ಗುಂಪುಗಳಲ್ಲೇ ಹುಟ್ಟುತ್ತವೆ ಅಂತ ಅವರ ತೀರ್ಮಾನ. ನೀವು ಓದಿದ ಮೊದಲ ಅಂಕಿ ಇದೇ. 2010ರಲ್ಲಿ ಎಲೈ ಬ್ರೆಸರ್ಟ್ ಮತ್ತು ಜೊತೆಗಾರರು ಸ್ಪಿಟ್ಜರ್ ಮಾಹಿತಿ ಇಟ್ಟುಕೊಂಡು, ನಮ್ಮಿಂದ 1,600 ಜ್ಯೋತಿರ್ವರ್ಷದೊಳಗಿನ ಎಳೆಯ ನಕ್ಷತ್ರಗಳಿಗೆ ಒಂದೊಂದಕ್ಕೂ ಅಕ್ಕಪಕ್ಕ ಎಷ್ಟು ನೆರೆಯವರಿದ್ದಾರೆ ಅಂತ ಎಣಿಸಿದರು. ಗುಂಪಿನಲ್ಲಿ ಇರುವವು ಒಂದು ಕಡೆ, ಒಂಟಿಯಾಗಿ ಇರುವವು ಇನ್ನೊಂದು ಕಡೆ, ನಡುವೆ ಖಾಲಿ ಜಾಗ, ಹೀಗೆ ಸಿಗಬಹುದು ಅಂತ ನಾವು ಎಣಿಸುತ್ತೇವೆ ಅಲ್ವಾ? ಹಾಗೆ ಸಿಗಲಿಲ್ಲ. ತೀರಾ ವಿರಳದಿಂದ ತೀರಾ ದಟ್ಟದ ತನಕ ಒಂದೇ ನಯವಾದ ಗೆರೆ ಬಂತು. ಎಲ್ಲಿ ಬೇಕಾದರೂ ಗಡಿ ಹಾಕಬಹುದು. ಒಂದು ಗಡಿ ಹಾಕಿದರೆ ಶೇಕಡಾ 40, ಇನ್ನೊಂದು ಹಾಕಿದರೆ 90.

ಪರ್ಯಾಯದ ರಾತ್ರಿ ಉಡುಪಿಯ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಲ್ಸಂಕದ ಕಡೆ ನಡೆದು ಬಂದ ಹಾಗೆ ಜನ ಕಮ್ಮಿಯಾಗುತ್ತಾ ಹೋಗುತ್ತಾರೆ, ಇನ್ನೂ ಮುಂದೆ ಹೋದರೆ ಅಲ್ಲೊಬ್ಬರು ಇಲ್ಲೊಬ್ಬರು. ಜನಜಂಗುಳಿ ಇಂಥ ಅಂಗಡಿಯ ಮುಂದೆ ಮುಗಿಯಿತು ಅಂತ ಹೇಳಲು ಬರುತ್ತದಾ? ಗಡಿ ಎಲ್ಲಿ ಹಾಕುತ್ತೀರೋ ಅದರ ಮೇಲೆ ಒಳಗೆ ಎಷ್ಟು ಜನ, ಹೊರಗೆ ಎಷ್ಟು ಜನ ಅನ್ನುವ ಅಂಕಿ ಬದಲಾಗುತ್ತದೆ. ಆದರೆ ಒಬ್ಬೊಬ್ಬರಿಗೂ ಎಷ್ಟು ಒತ್ತಾಗುತ್ತಿದೆ ಅನ್ನುವುದು ಬದಲಾಗುವುದಿಲ್ಲ. ನಕ್ಷತ್ರಗಳ ವಿಷಯದಲ್ಲೂ ಕೇಳಬೇಕಾದದ್ದು ಆ ಎರಡನೇ ಪ್ರಶ್ನೆಯನ್ನೇ. ಇದು ಗುಂಪಿನದ್ದಾ ಅಂತ ಕೇಳಿದರೆ ಜಗಳ ಮುಗಿಯುವುದಿಲ್ಲ. ಇದಕ್ಕೆ ನೆರೆಯವರು ಎಷ್ಟು ಹತ್ತಿರ, ಅವರಿಂದ ಇದಕ್ಕೆ ಏನಾಯಿತು ಅಂತ ಕೇಳಿದರೆ ಉತ್ತರ ಸಿಗುತ್ತದೆ. ಅದೇ 2010ರ ಅಧ್ಯಯನದ ಪ್ರಕಾರ, ನೆರೆಯವರಿಂದ ನಕ್ಷತ್ರದ ಅಥವಾ ಅದರ ತಟ್ಟೆಯ ಬೆಳವಣಿಗೆ ಬದಲಾಗುವಷ್ಟು ದಟ್ಟ ಜಾಗದಲ್ಲಿ ಹುಟ್ಟಿದವು ನಮ್ಮ ಸುತ್ತಲಿನ ಪ್ರದೇಶದಲ್ಲಿ ಶೇಕಡಾ 26ಕ್ಕಿಂತ ಕಡಿಮೆ. ನನಗೆ ಈ ಅಂಕಿಯೇ ಮುಖ್ಯ ಅನಿಸುತ್ತದೆ.

ಗುಂಪಿನ ಆಕಾರವನ್ನೂ ಅಳೆಯಬಹುದು, ಸುಮ್ನೆ ಕಣ್ಣಂದಾಜು ಬೇಕಿಲ್ಲ. 2004ರಲ್ಲಿ ಕಾರ್ಡಿಫಿನ ಅನಾಬೆಲ್ ಕಾರ್ಟ್‌ರೈಟ್ ಮತ್ತು ಆಂಟನಿ ವಿಟ್‌ವರ್ತ್ ಕೊಟ್ಟ ಉಪಾಯ ಸರಳವಾಗಿದೆ. ನಕ್ಷೆಯಲ್ಲಿ ಎಲ್ಲ ನಕ್ಷತ್ರಗಳನ್ನು ಗೆರೆಗಳಿಂದ ಸೇರಿಸಿ. ಯಾವುದೂ ಬಿಟ್ಟು ಹೋಗಬಾರದು, ಎಲ್ಲೂ ಸುತ್ತು ಬರಬಾರದು, ಗೆರೆಗಳ ಒಟ್ಟು ಉದ್ದ ಆದಷ್ಟು ಕಡಿಮೆ ಇರಬೇಕು. ಆಮೇಲೆ ಆ ಗೆರೆಗಳ ಸರಾಸರಿ ಉದ್ದವನ್ನು, ಯಾವುದೇ ಎರಡು ನಕ್ಷತ್ರಗಳ ನಡುವಿನ ಸರಾಸರಿ ದೂರದಿಂದ ಭಾಗಿಸಿ. ಗುಂಪಿನ ಗಾತ್ರ, ಎಣಿಕೆಗೆ ತಕ್ಕ ತಿದ್ದುಪಡಿ ಮಾಡಿದ ಮೇಲೆ ಬರುವ ಅಂಕಿಗೆ ಕ್ಯೂ ಅಂತಾರೆ. ಅದು 0.8ಕ್ಕಿಂತ ಕಡಿಮೆ ಬಂದರೆ ಒಳಗೆ ತುಂಡು ತುಂಡು ಗುಂಪುಗಳಿವೆ. ಜಾಸ್ತಿ ಬಂದರೆ ನಡುವೆ ದಟ್ಟ, ಹೊರಗೆ ಹೋದ ಹಾಗೆ ವಿರಳ. ಅವರ ಲೆಕ್ಕದಲ್ಲಿ ವೃಷಭದ ಮೋಡಕ್ಕೆ 0.47, ರೋ ಓಫಿಯುಕಿಗೆ 0.85, ಪರ್ಸಿಯಸ್‌ನ ಐಸಿ 348 ಅನ್ನುವ ಗುಂಪಿಗೆ 0.98 ಬಂತು. ನಿಮ್ಮ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನಲ್ಲಿ ಮಾಡಲು ಒಳ್ಳೆಯ ಕೆಲಸ ಇದು, ನೂರು ಚುಕ್ಕೆ ಇಟ್ಟುಕೊಂಡರೆ ಸಾಕು.

ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತಾ ಇದ್ದರೆ ಅದೂ ಗುಂಪೇ ಅಲ್ವಾ?
ಓದುಗರು, ಕುಂದಾಪುರ

ಅದನ್ನು ಜೋಡಿ ಅಂತ ಬೇರೆಯಾಗಿ ಇಡಬೇಕು. ಇಲ್ಲಿ ಮಾತ್ರ ನಿಜವಾದ ಒಂದು ಗಡಿ ಸಿಕ್ಕಿದೆ. 1995ರಲ್ಲಿ ರಿಚರ್ಡ್ ಲಾರ್ಸನ್ ವೃಷಭದ ಎಳೆಯ ನಕ್ಷತ್ರಗಳ ನಡುವಿನ ದೂರಗಳನ್ನು ನೋಡಿದಾಗ, ಸೂರ್ಯನಿಗೂ ಭೂಮಿಗೂ ಇರುವ ದೂರದ ಎಂಟು ಸಾವಿರ ಪಟ್ಟಿನ ಹತ್ತಿರ ಗೆರೆ ಮುರಿಯಿತು. ಅದಕ್ಕಿಂತ ಹತ್ತಿರದವು ಒಂದೇ ಗಂಟು ಒಡೆದು ಆದ ಜೋಡಿಗಳು. ಅದಕ್ಕಿಂತ ದೂರದವು ಮೋಡದ ಗುಂಪುಗಾರಿಕೆ.

ಓರಿಯನ್ ಗುಂಪಿನ ನಟ್ಟನಡುವೆ ದೊಡ್ಡ ದೊಡ್ಡ ನಕ್ಷತ್ರಗಳೇ ಇವೆಯಂತೆ. ಅಲ್ಲೇ ಹುಟ್ಟಿದವಾ, ಇಲ್ಲ ಆಮೇಲೆ ಅಲ್ಲಿಗೆ ಹೋಗಿ ಸೇರಿದವಾ?
ಓದುಗರು, ಬಂಟ್ವಾಳ

ವಿಜ್ಞಾನಿಗಳು ಇವತ್ತಿಗೂ ವಾದ ಮಾಡುತ್ತಿರುವ ಪ್ರಶ್ನೆಯನ್ನೇ ಹಿಡಿದಿದ್ದೀರಿ. ನಡುವೆ ಇರುವ ನಾಲ್ಕು ಹೊಳೆಯುವ ನಕ್ಷತ್ರಗಳಿಗೆ ಟ್ರಪೀಜಿಯಂ ಅಂತ ಹೆಸರು. ಅವುಗಳಲ್ಲಿ ದೊಡ್ಡದು ಸೂರ್ಯನಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಭಾರ. ಗೆಲಿಲಿಯೋ 1617ರಲ್ಲೇ ಅವುಗಳಲ್ಲಿ ಮೂರನ್ನು ಬಿಡಿಸಿ ನೋಡಿದ್ದರು.

ಭಾರದ ನಕ್ಷತ್ರ ನಡುವಿಗೆ ಇಳಿಯುವುದು ಸಹಜ. ನೆರೆಯ ಹಗುರ ನಕ್ಷತ್ರಗಳಿಗೆ ತನ್ನ ವೇಗ ಕೊಟ್ಟು ಅದು ನಿಧಾನವಾಗುತ್ತದೆ, ಒಳಗೆ ಜಾರುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಓರಿಯನ್ ಗುಂಪಿನ ವಯಸ್ಸು ಹತ್ತು ಲಕ್ಷದಿಂದ ಮೂವತ್ತು ಲಕ್ಷ ವರ್ಷ ಅಷ್ಟೆ. 1998ರಲ್ಲಿ ಬೊನೆಲ್ ಮತ್ತು ಡೇವಿಸ್ ಇಷ್ಟು ಸಮಯ ಸಾಲದು, ಅವು ಅಲ್ಲೇ ಹುಟ್ಟಿರಬೇಕು ಅಂದರು. 2009ರಲ್ಲಿ ರಿಚರ್ಡ್ ಆಲಿಸನ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಬೇರೆ ಥರ ಶುರು ಮಾಡಿದರು. ದುಂಡಗಿನ ಗುಂಪಿನಿಂದ ಶುರು ಮಾಡದೆ, ತುಂಡು ತುಂಡಾದ, ನಿಧಾನ ಚಲಿಸುವ ಗುಂಪಿನಿಂದ ಶುರು ಮಾಡಿದರು. ಅದು ಕುಸಿದು ಸ್ವಲ್ಪ ಹೊತ್ತು ಬಹಳ ದಟ್ಟವಾಗುತ್ತದೆ, ಆಗ ಹತ್ತು ಲಕ್ಷ ವರ್ಷದೊಳಗೇ ದೊಡ್ಡವು ನಡುವಿಗೆ ಇಳಿದು ಬಿಡುತ್ತವೆ. ಎಳೆಯ ಮೋಡಗಳು ನಿಜವಾಗಿಯೂ ತುಂಡು ತುಂಡಾಗಿಯೇ ಕಾಣುತ್ತವಾದ್ದರಿಂದ ಈ ಎರಡನೆಯ ದಾರಿಯನ್ನು ತಳ್ಳಿಹಾಕುವಂತಿಲ್ಲ. ಎರಡೂ ಸ್ವಲ್ಪ ಸ್ವಲ್ಪ ನಡೆದಿರಬಹುದು ಅಂತ ನನ್ನ ಅಂದಾಜು.

ಎಲ್ಲ ಗುಂಪಾಗಿ ಹುಟ್ಟುವುದಾದರೆ ನಮ್ಮ ಸೂರ್ಯ ಯಾಕೆ ಒಂಟಿ? ಅವನ ಜೊತೆ ಹುಟ್ಟಿದವರು ಎಲ್ಲಿ ಹೋದರು?
ನಿವೃತ್ತ ಬ್ಯಾಂಕ್ ಉದ್ಯೋಗಿ, ಉಳ್ಳಾಲ

ಚದುರಿ ಹೋದರು. ಗುಂಪಾಗಿ ಹುಟ್ಟುವುದು ಸುಲಭ, ಗುಂಪಾಗಿ ಉಳಿಯುವುದು ಕಷ್ಟ. ನಾನು ಮೇಲೆ ಹೇಳಿದ ಚಾರ್ಲ್ಸ್ ಮತ್ತು ಎಲಿಜಬೆತ್ ಲಾಡಾ ಅಲ್ಲಿಯೇ ಇನ್ನೊಂದು ಲೆಕ್ಕವನ್ನೂ ಕೊಟ್ಟಿದ್ದರು: ಮೋಡದೊಳಗಿನ ಇಂಥ ಗುಂಪುಗಳಲ್ಲಿ ಕೃತ್ತಿಕೆಯ ವಯಸ್ಸಿನ ತನಕ ಬಿಡಿಹೋಗದೆ ಉಳಿಯುವವು ನೂರಕ್ಕೆ ನಾಲ್ಕರಿಂದ ಏಳರೊಳಗೆ.

ಕಾರಣ ಅನಿಲ. ದಟ್ಟ ಗುಂಪುಗಳಲ್ಲೂ ಇದ್ದ ಅನಿಲದಲ್ಲಿ ನಕ್ಷತ್ರ ಆಗುವುದು ಶೇಕಡಾ 10ರಿಂದ 30 ಮಾತ್ರ. ಉಳಿದ ಅನಿಲದ ಗುರುತ್ವವೇ ಗುಂಪನ್ನು ಕಟ್ಟಿ ಹಿಡಿದಿರುತ್ತದೆ. ದೊಡ್ಡ ನಕ್ಷತ್ರಗಳು ಉರಿಯಲು ಶುರುವಾದ ಮೇಲೆ ಅವುಗಳ ಅತಿನೇರಳೆ ಬೆಳಕು, ಗಾಳಿ ಸೇರಿ ಆ ಅನಿಲವನ್ನು ಕೆಲವು ಲಕ್ಷ ವರ್ಷಗಳಲ್ಲೇ ಹೊರಗೆ ತಳ್ಳುತ್ತವೆ. ಹಿಡಿದಿಟ್ಟ ಭಾರ ಹೋಯಿತು, ನಕ್ಷತ್ರಗಳು ಅದೇ ವೇಗದಲ್ಲಿ ಇವೆ, ಅವು ಹೊರಟು ಹೋಗದೆ ಏನು ಮಾಡಿಯಾವು? 2013ರಲ್ಲಿ ಹಾರಿದ ಗಾಯಾ ಉಪಗ್ರಹ ಸುಮಾರು ಇನ್ನೂರು ಕೋಟಿ ನಕ್ಷತ್ರಗಳ ಸ್ಥಾನ, ಚಲನೆ ಅಳೆದಿದೆ. ಅದರ ಮಾಹಿತಿಯಲ್ಲಿ ಮೈಕೆಲ್ ಕುನ್ ಮತ್ತು ಜೊತೆಗಾರರು 2019ರಲ್ಲಿ 28 ಎಳೆಯ ಗುಂಪುಗಳನ್ನು ನೋಡಿದಾಗ ಮುಕ್ಕಾಲು ಪಾಲಿಗೂ ಹೆಚ್ಚು ಗುಂಪುಗಳು ಹಿಗ್ಗುತ್ತಿದ್ದವು. ವೇಗ ಸೆಕೆಂಡಿಗೆ ಅರ್ಧ ಕಿಲೋಮೀಟರಿನ ಹತ್ತಿರ. ಕಡಿಮೆ ಅನಿಸಬಹುದು, ಆದರೆ ಹತ್ತು ಲಕ್ಷ ವರ್ಷಕ್ಕೆ ಒಂದೂವರೆ ಜ್ಯೋತಿರ್ವರ್ಷ ಆಯಿತು.

ಇದನ್ನು ಗಾಯಾಕ್ಕಿಂತ ಎಷ್ಟೋ ಮೊದಲೇ ಊಹಿಸಿದವರು ಆರ್ಮೇನಿಯಾದ ವಿಕ್ಟರ್ ಅಂಬಾರ್ತ್‌ಸುಮಿಯನ್. ಭಾರವಾದ ಬಿಸಿ ನಕ್ಷತ್ರಗಳ ಕೆಲವು ಗುಂಪುಗಳು ತುಂಬಾ ಸಡಿಲ ಇವೆ, ಹಾಲುಹಾದಿಯ ಎಳೆತದಲ್ಲಿ ಹೆಚ್ಚು ಕಾಲ ಬಾಳುವ ಹಾಗಿಲ್ಲ, ಆದರೂ ಕಾಣುತ್ತಿವೆ ಅಂದರೆ ಈಗಷ್ಟೇ ಹುಟ್ಟಿವೆ ಅಂತ 1947ರಲ್ಲಿ ಹೇಳಿದರು. ನಕ್ಷತ್ರಗಳು ಈಗಲೂ ಹುಟ್ಟುತ್ತಿವೆ, ಗುಂಪಾಗಿಯೇ ಹುಟ್ಟುತ್ತಿವೆ ಅನ್ನುವುದಕ್ಕೆ ಗಟ್ಟಿ ವಾದ ಸಿಕ್ಕಿದ್ದು ಹಾಗೆ.

ಸೂರ್ಯ ಗುಂಪಿನಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ ಕಲ್ಲಿನಲ್ಲಿದೆ. 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂಡೆ ಉಲ್ಕಾಶಿಲೆಯಲ್ಲಿ ಅಲ್ಯೂಮಿನಿಯಂ-26 ಇದ್ದ ಗುರುತು ಸಿಕ್ಕಿತು. ಅದು ಏಳು ಲಕ್ಷ ವರ್ಷಕ್ಕೆ ಅರ್ಧ ಕರಗಿ ಹೋಗುವ ವಸ್ತು. ಅಂದರೆ ಸೌರಮಂಡಲ ಆಗುವಾಗ ಅದು ಹೊಸದಾಗಿ ಬಂದಿರಬೇಕು, ಹತ್ತಿರದಲ್ಲಿ ದೊಡ್ಡ ನಕ್ಷತ್ರ ಇದ್ದಿರಬೇಕು ಅಂತ ಹೆಚ್ಚಿನವರು ಒಪ್ಪುತ್ತಾರೆ. ಒಡಹುಟ್ಟಿದವರನ್ನು ಹುಡುಕುವ ಕೆಲಸವೂ ನಡೆದಿದೆ. 2014ರಲ್ಲಿ ಹರ್ಕ್ಯುಲಿಸ್ ಪುಂಜದ ಎಚ್‌ಡಿ 162826 ಅನ್ನುವ ನಕ್ಷತ್ರವನ್ನು, 110 ಜ್ಯೋತಿರ್ವರ್ಷ ದೂರದ್ದು, ಸೂರ್ಯನ ಒಡಹುಟ್ಟು ಇರಬಹುದು ಅಂತ ಮುಂದಿಟ್ಟರು. ಇರಬಹುದು ಅಂತ ಮಾತ್ರ. ಸೂರ್ಯ ಹುಟ್ಟಿದ ಮೇಲೆ ಹಾಲುಹಾದಿಯನ್ನು ಇಪ್ಪತ್ತು ಸುತ್ತು ಹಾಕಿದ್ದಾನೆ, ಅಷ್ಟರಲ್ಲಿ ಯಾರು ಎಲ್ಲಿಗೆ ಹೋದರು ಅಂತ ಹಿಂದಕ್ಕೆ ಲೆಕ್ಕ ಹಾಕುವುದು ಬಹಳ ಕಷ್ಟದ ಕೆಲಸ.

ಇದೆಲ್ಲ ನಮ್ಮ ಊರಿನಿಂದ ಕಾಣುತ್ತದಾ? ಯಾವ ತಿಂಗಳು ನೋಡಬೇಕು?
ಓದುಗರು, ಮಲ್ಪೆ

ಕಾಣುತ್ತದೆ. ಜನವರಿ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೆ ದಕ್ಷಿಣಕ್ಕೆ ಮುಖ ಮಾಡಿ ಚೆನ್ನಾಗಿ ತಲೆ ಎತ್ತಿ. ಓರಿಯನ್ ಸೊಂಟದ ಮೂರು ನಕ್ಷತ್ರಗಳ ಕೆಳಗೆ ಮಸುಕಾದ ಚುಕ್ಕೆಯೇ ನೀಹಾರಿಕೆ, ಸಾಧಾರಣ ಬೈನಾಕ್ಯುಲರ್ ಸಾಕು. ಕೃತ್ತಿಕೆ ನವೆಂಬರಿನಿಂದ ಏಪ್ರಿಲ್ ತನಕ ಸಂಜೆಗೇ ಸಿಗುತ್ತದೆ. ಬಂದರಿನ ದೀಪಗಳಿಂದ ಸ್ವಲ್ಪ ದೂರ ಹೋಗಿ, ಹುಣ್ಣಿಮೆಯ ಆಸುಪಾಸು ಬೇಡ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ರಾತ್ರಿ ಹತ್ತರ ಮೇಲೆ ಆಗ್ನೇಯದಲ್ಲಿ ಕೆಂಪಗಿನ ಜ್ಯೇಷ್ಠಾ ಕಾಣುತ್ತದೆ. ಅದು ಸ್ಕಾರ್ಪಿಯಸ್-ಸೆಂಟಾರಸ್ ಅನ್ನುವ ದೊಡ್ಡ ಚದುರಿದ ಗುಂಪಿನದ್ದು, ಆ ಬಗೆಯ ಗುಂಪುಗಳಲ್ಲಿ ನಮಗೆ ಅತಿ ಹತ್ತಿರದ್ದು. ವೆಬ್ ಚಿತ್ರ ತೆಗೆದ ರೋ ಓಫಿಯುಕಿ ಜ್ಯೇಷ್ಠೆಯ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಮಾತ್ರ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯವೇ ಗತಿ.

ಅಷ್ಟು ಇಕ್ಕಟ್ಟಿನಲ್ಲಿ ಹುಟ್ಟಿದರೆ ಗ್ರಹಗಳಿಗೆ ತೊಂದರೆ ಆಗುವುದಿಲ್ಲವಾ?
ಗೃಹಿಣಿ, ಕದ್ರಿ, ಮಂಗಳೂರು

ಆಗುತ್ತದೆ, ಆದರೆ ಡಿಕ್ಕಿಯ ಭಯ ಬೇಡ. ಓರಿಯನ್ ಗುಂಪಿನ ನಡುವೆ ನಕ್ಷತ್ರಗಳ ದಟ್ಟಣೆ ಸೂರ್ಯನ ಸುತ್ತಮುತ್ತಲಿಗಿಂತ ಸುಮಾರು ಲಕ್ಷ ಪಟ್ಟು ಜಾಸ್ತಿ. ಅಲ್ಲೂ ಡಿಕ್ಕಿ ತೀರಾ ಅಪರೂಪ. ತೊಂದರೆ ಬರುವುದು ಬೆಳಕಿನಿಂದ. ಟ್ರಪೀಜಿಯಂನ ದೊಡ್ಡ ನಕ್ಷತ್ರದ ಅತಿನೇರಳೆ ಬೆಳಕು ನೆರೆಯ ಎಳೆಯ ನಕ್ಷತ್ರಗಳ ಸುತ್ತಲಿನ ತಟ್ಟೆಗಳನ್ನು ಆವಿ ಮಾಡುತ್ತಿದೆ. ಹಬಲ್ ಟೆಲಿಸ್ಕೋಪ್ ಓರಿಯನ್‌ನಲ್ಲಿ ಅಂಥ 150ಕ್ಕೂ ಹೆಚ್ಚು ತಟ್ಟೆಗಳನ್ನು ತೋರಿಸಿದೆ. ಹಲವಕ್ಕೆ ದೊಡ್ಡ ನಕ್ಷತ್ರದ ಎದುರು ದಿಕ್ಕಿಗೆ ಬಾಲ ಬಂದಿದೆ.

ಅಲ್ಲಿಯ ಒಂದು ತಟ್ಟೆಗೆ ಡಿ203-506 ಅಂತ ಹೆಸರು, ಒಂದು ಸಣ್ಣ ಕೆಂಪು ನಕ್ಷತ್ರದ ಸುತ್ತಲಿನದ್ದು. ವೆಬ್ ಅದನ್ನು ನೋಡಿದ ಮೇಲೆ ಎರಡು ವಿಷಯ ಗೊತ್ತಾದವು. ನೆರೆಯ ದೊಡ್ಡ ನಕ್ಷತ್ರಗಳ ಬೆಳಕಿಗೆ ಅದರ ಅನಿಲ ಹತ್ತು ಲಕ್ಷ ವರ್ಷದೊಳಗೆ ಖಾಲಿಯಾಗುತ್ತದೆ, ಗುರುವಿನಂಥ ದೊಡ್ಡ ಗ್ರಹ ಆಗಲು ಅಲ್ಲಿ ಸಮಯವೇ ಸಾಲದು ಅಂತ 2024ರಲ್ಲಿ ಬಂದ ಲೆಕ್ಕ. ಆದರೆ 2023ರಲ್ಲಿ ಅದೇ ತಟ್ಟೆಯಲ್ಲಿ ಮೀಥೈಲ್ ಅಯಾನು ಸಿಕ್ಕಿತ್ತು, ಭೂಮಿಯ ಹೊರಗೆ ಅದು ಕಂಡದ್ದು ಅದೇ ಮೊದಲು. ಇಂಗಾಲದ ದೊಡ್ಡ ಅಣುಗಳು ಕಟ್ಟಿಕೊಳ್ಳಲು ಬೇಕಾದ ಮುಖ್ಯ ವಸ್ತು ಅದು, ಮತ್ತು ಅದು ಆಗಲು ಬೇಕಾದ ಶಕ್ತಿ ಕೊಟ್ಟದ್ದು ತಟ್ಟೆಯನ್ನು ಕರಗಿಸುತ್ತಿರುವ ಅದೇ ಅತಿನೇರಳೆ ಬೆಳಕು. ವೃಷಭದ ಸಡಿಲ ಗುಂಪುಗಳಲ್ಲಿ ಅಷ್ಟು ದೊಡ್ಡ ನಕ್ಷತ್ರವೇ ಇಲ್ಲ, ಅಲ್ಲಿನ ತಟ್ಟೆಗಳಿಗೆ ಈ ಕಾಟವೂ ಇಲ್ಲ, ಈ ಲಾಭವೂ ಇಲ್ಲ.